ಮಹಾರಾಜನಾಗಿದ್ದ ಮಳೆಗಾಲ

ಹೋದ ತಿಂಗಳು ಬೊಂಬಾಯಿಯ ಕಾಂದಿವಲಿಯಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯವರು ನನಗೊಂದು ಶಾಲು ಹೊದಿಸಿದರು. ಬಹಳ ವರ್ಷ ಸೊಸೈಟಿಯ ಕೆಲಸಗಳನ್ನು ನೋಡಿಕೊಂಡೆ ಎಂಬ ಕಾರಣಕ್ಕೆ. ಮೈಕ್ ಹಿಡಿದ ಚೇರ್ಮನ್ನರು, ಇವರು ಆಶ್ರಮದಲ್ಲಿ ಓದಿ ಬೆಳೆದವರು, ಇಂಥ ಸಾತ್ವಿಕರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದು ಹಿಂದಿಯಲ್ಲಿ ಶುರು ಮಾಡಿದ್ದೇ ತಡ, ನನ್ನ ತಲೆ ತಾನಾಗಿ ತಗ್ಗಿತು. ಭಾಷಣ ಮುಗಿಯುವವರೆಗೂ ನನ್ನ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದೆ. ಮನೆಗೆ ಬಂದ ಮೇಲೆ ಹೆಂಡತಿ, "ಅದೇನ್ರೀ, ಹಸೆಮಣೆ ಮೇಲೆ ಕೂತ ಹುಡುಗಿ ಥರ ಮುಖ ಮಾಡ್ಕೊಂಡಿದ್ರಿ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಸಭೆಯ ಹೊತ್ತಿಗೆ ಹೊರಗೆ ಮಳೆ ಹಿಡಿದಿತ್ತು. ಸೊಸೈಟಿ ಹಾಲ್‌ನ ನೆಲವನ್ನು ವಾಚ್‌ಮನ್ ಫಿನಾಯಿಲ್ ಹಾಕಿ ಒರೆಸಿದ್ದ. ಆ ಫಿನಾಯಿಲಿನ ಮತ್ತು ಒದ್ದೆ ಛತ್ರಿಗಳ ವಾಸನೆಯ ನಡುವೆ ತಲೆ ತಗ್ಗಿಸಿ ನಿಂತಾಗ ನಾನಿದ್ದದ್ದು ಕಾಂದಿವಲಿಯಲ್ಲಲ್ಲ, ಪರೇಲಿನ ಒಂದು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ. ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲ ಅದು. ಆಗ ನನಗೆ ಇಪ್ಪತ್ತೊಂದು ವರ್ಷ.

ಅಪ್ಪನದು ವರ್ಗಾವಣೆಯ ನೌಕರಿ. ಊರೂರು ಅಲೆದರೆ ಹುಡುಗನ ಓದು ಹಾಳಾಗುತ್ತದೆಂದು ನನ್ನನ್ನು ಚಿಕ್ಕಂದಿನಲ್ಲೇ ಮೈಸೂರು ಸೀಮೆಯ ಒಂದು ಆಶ್ರಮದ ಶಾಲೆಗೆ ಸೇರಿಸಿದರು. ಅಲ್ಲಿ ತಟ್ಟೆ ತೊಳೆಯುವುದಕ್ಕೆ ಒಂದು ಕ್ರಮ, ಚಾಪೆ ಸುತ್ತುವುದಕ್ಕೆ ಒಂದು ಕ್ರಮ. ಯಾರಿಗೇ ಆಗಲಿ ನೀರು ಕೊಡುವಾಗ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಒಂದು ಗಳಿಗೆ ಕಣ್ಣು ಮುಚ್ಚಿ, ಕುಡಿಯುವವರಿಗೆ ಒಳ್ಳೆಯದಾಗಲಿ ಎಂದುಕೊಂಡು ಕೊಡಬೇಕು. ಮೊದಮೊದಲು ಹಾಗೆ ಅಂದುಕೊಳ್ಳುತ್ತಲೂ ಇದ್ದೆವು. ಆಮೇಲೆ ಕಣ್ಣು ಮುಚ್ಚುವುದಷ್ಟೇ ಉಳಿಯಿತು.

ಎಲ್ಲಕ್ಕಿಂತ ಕಷ್ಟದ ಪಾಠ ಹೊಗಳಿಕೆಯದು. ವಾರಕ್ಕೊಮ್ಮೆ ಪ್ರಾರ್ಥನೆಯ ನಂತರ ಯಾರಾದರೂ ಒಬ್ಬ ಹುಡುಗನನ್ನು ನಡುವೆ ನಿಲ್ಲಿಸಿ ಅವನ ಒಳ್ಳೆಯ ಗುಣಗಳನ್ನು ಹೇಳುತ್ತಿದ್ದರು. ಅವನು ತಲೆ ತಗ್ಗಿಸಿ ಸುಮ್ಮನಿರಬೇಕು. ಹಿಗ್ಗಬಾರದು, ಇಲ್ಲ ಎನ್ನಲೂಬಾರದು. ಒಮ್ಮೆ ನಾನು ನಾಚಿಕೊಂಡು, "ಹಾಗೇನಿಲ್ಲ ಸ್ವಾಮೀಜಿ" ಎಂದುಬಿಟ್ಟೆ. ನಮ್ಮ ದೊಡ್ಡ ಸ್ವಾಮಿಗಳು ಸಿಟ್ಟಾಗಲಿಲ್ಲ. "ಪಂಕ್ತಿಯಲ್ಲಿ ಬೇಡ ಬೇಡ ಅಂತ ಎಲೆಗೆ ಕೈ ಅಡ್ಡ ಹಿಡಿಯೋನು ಇನ್ನೊಂದು ಹೋಳಿಗೆ ಬೀಳಲಿ ಅಂತಲೇ ಕಾಯ್ತಿರ್ತಾನೆ ಕಣೋ. ಬಡಿಸೋರು ಬಡಿಸಲಿ, ನೀನು ಸುಮ್ಮನಿರು" ಎಂದರು. ಹುಡುಗರೆಲ್ಲ ನಕ್ಕರು. ಮುಂದಿನ ವಾರ ನನ್ನನ್ನೇ ಮತ್ತೆ ನಿಲ್ಲಿಸಿದರು. ಈ ಸಲ ನಾನು ಸುಮ್ಮನಿದ್ದೆ. ಅಲ್ಲಿಂದ ಮುಂದೆ ಯಾರು ಹೊಗಳಿದರೂ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುವುದು ರೂಢಿಯಾಯಿತು.

ಡಿಗ್ರಿಯವರೆಗೂ ಆಶ್ರಮದ ಹಾಸ್ಟೆಲಿನಲ್ಲೇ ಇದ್ದು, ಕೆಲಸ ಹುಡುಕಿಕೊಂಡು ಕಾಂದಿವಲಿಯ ಚಿಕ್ಕಪ್ಪನ ಮನೆಗೆ ಬಂದೆ. ಚಿಕ್ಕಪ್ಪ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿದ್ದರು. ಬಾಯಿ ತುಂಬ ಮಾತು, ಹೊಟ್ಟೆಯ ತುಂಬ ಅಲ್ಸರ್. ನಾನು ಬಂದ ಸ್ವಲ್ಪ ದಿನಕ್ಕೇ ಅವರ ಹೊಟ್ಟೆ ಆಪರೇಷನ್ನಿಗೆ ಬಂತು. ಚಿಕ್ಕಮ್ಮನಿಗೆ ಸಣ್ಣ ಮಕ್ಕಳು. ಹಗಲು ಆಸ್ಪತ್ರೆಯಲ್ಲಿರುವ ಕೆಲಸ ನನ್ನ ಪಾಲಿಗೆ ಬಿತ್ತು. ಬೆಳಿಗ್ಗೆ ಡಬ್ಬಿ ಹಿಡಿದು ಲೋಕಲ್ ಹತ್ತುವುದು, ಎಲ್ಫಿನ್‌ಸ್ಟನ್ ರೋಡಿನಲ್ಲಿ ಇಳಿದು ಸೇತುವೆ ದಾಟಿ ಪರೇಲಿಗೆ ನಡೆಯುವುದು. ಮಿಲ್ಲುಗಳು ಮುಚ್ಚಿ ವರ್ಷಗಳಾಗಿದ್ದವು. ಹೊಗೆಯಿಲ್ಲದ ಚಿಮಣಿಗಳು ಸುಮ್ಮನೆ ಮಳೆಯಲ್ಲಿ ನೆನೆಯುತ್ತ ನಿಂತಿರುತ್ತಿದ್ದವು. ವಾರ್ಡಿನ ಅರ್ಧ ಮಂದಿ ಅದೇ ಮಿಲ್ಲುಗಳಲ್ಲಿ ದುಡಿದು ಕೆಮ್ಮು ಹಿಡಿಸಿಕೊಂಡವರು.

ಚಿಕ್ಕಪ್ಪನ ಪಕ್ಕದ ಮಂಚದಲ್ಲಿ ಹುಸೇನಸಾಬ್ ಇದ್ದ. ವಿಜಾಪುರದ ಕಡೆಯವನು. ಮಲಾಡಿನ ಬಜಾರಿನಲ್ಲಿ ಟೇಲರ್. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಅವನ ಹೆಂಡತಿ ಮೆಹಬೂಬಿ ಹಗಲೆಲ್ಲ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಕೂತಿರುತ್ತಿದ್ದಳು. ನಾವು ಕನ್ನಡ ಮಾತಾಡುವುದು ಕೇಳಿ ಇಬ್ಬರ ಮುಖವೂ ಅರಳಿತು. "ಯವ್ವಾ, ನಮ್ಮ ಮಂದಿ ಸಿಕ್ರಲ್ರಿ!" ಎಂದಳು ಅವಳು.

ಒಂದು ದಿನ ಮೆಹಬೂಬಿ ಔಷಧಿ ತರಲು ಕೆಳಗೆ ಹೋಗಿದ್ದಾಗ ಹುಸೇನಸಾಬ್ ಜ್ವರದಲ್ಲಿ ನೀರು ಕೇಳಿದ. ನಾನು ಹೂಜಿಯಿಂದ ಬಗ್ಗಿಸಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕೊಟ್ಟೆ. ರೂಢಿ, ಅಷ್ಟೆ. ಆ ಗಳಿಗೆಯಲ್ಲಿ ನಾನು ಯೋಚಿಸುತ್ತಿದ್ದದ್ದು ಐದರ ಲೋಕಲ್ಲಿನಲ್ಲಿ ಎಷ್ಟು ರಶ್ ಇರಬಹುದೆಂದು. ಬೆಳಿಗ್ಗೆಯಷ್ಟೇ ಡಾಕ್ಟರು ಇಂಜೆಕ್ಷನ್ ಬದಲಿಸಿದ್ದರು. ಸಂಜೆಗೆ ಜ್ವರ ಇಳಿಯಿತು.

ಮರುದಿನ ನಾನು ವಾರ್ಡಿಗೆ ಕಾಲಿಡುತ್ತಲೇ ಮೆಹಬೂಬಿ ಎದ್ದು ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡು, "ಸ್ವಾಮೇರ, ನಿಮ್ಮ ಕೈಯಾನ ನೀರು ಕುಡಿದು ನಮ್ಮವರ ಜ್ವರ ಬಿಟ್ಟಾವ್ರಿ. ನಮ್ಮ ದರ್ಗಾದಾಗೂ ಹಿಂಗ ನೀರ ಮ್ಯಾಲ ಓದಿ ಕೊಡ್ತಾರ. ನೀವು ಕಣ್ಣು ಮುಚ್ಚಿ ಕೊಟ್ಟಾಗನ ಇವರಿಗೆ ಗೊತ್ತಾತಂತ" ಎಂದಳು. ಸುತ್ತಲ ಮಂಚಗಳವರು ಕತ್ತು ಎತ್ತಿ ನೋಡಿದರು. ನಾನು ಏನು ಮಾಡಬೇಕಿತ್ತು? ಇಲ್ಲಮ್ಮಾ, ಅದು ಇಂಜೆಕ್ಷನ್ ಎನ್ನಬೇಕಿತ್ತು. ನನ್ನ ತಲೆ ತಗ್ಗಿತು. ಅವಳು ಹೊಗಳಿ ಮುಗಿಸುವವರೆಗೂ ನೆಲ ನೋಡುತ್ತ ನಿಂತೆ. ಹೊರಗಿನವರ ಕಣ್ಣಿಗೆ ಅದು ಹೇಗೆ ಕಾಣುತ್ತದೆಂದು ನಮ್ಮ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಉಳಿದದ್ದನ್ನು ಚಿಕ್ಕಪ್ಪ ನೋಡಿಕೊಂಡರು. "ಹಮಾರಾ ಭತೀಜಾ ಬಚ್‌ಪನ್ ಸೇ ಆಶ್ರಮ್ ಮೇಂ ಥಾ" ಎಂದು, ನಮ್ಮ ಹುಡುಗ ಚಿಕ್ಕಂದಿನಿಂದ ಆಶ್ರಮದಲ್ಲಿದ್ದವನೆಂದು, ಮಲಗಿದಲ್ಲಿಂದಲೇ ಸಾರಿದರು. ಸಂಜೆಯೊಳಗೆ ನಾನು ಮಹಾರಾಜನಾದೆ. ಎದುರಿನ ಮಂಚದ ಮಿಲ್ ಕಾರ್ಮಿಕ ಮುದುಕ ಲೋಟ ಚಾಚಿದ. ಅವನಿಗೆ ಕೊಟ್ಟ ಮೇಲೆ ಅವನ ಪಕ್ಕದವನಿಗೆ ಇಲ್ಲ ಎನ್ನುವುದು ಹೇಗೆ? ವಾರ್ಡ್‌ಬಾಯ್ ಚಿಕ್ಕಪ್ಪನಿಗೆ ಎರಡನೇ ಚಹಾ ತಂದುಕೊಟ್ಟ. ಯಾರಿಗೂ ಸಿಗದ ಫ್ಯಾನಿನ ಕೆಳಗಿನ ಸ್ಟೂಲು ನನಗೆ ಸಿಕ್ಕಿತು. ಕೆಲಸ ಕೇಳಿಕೊಂಡು ಹೋದ ಆಫೀಸುಗಳಲ್ಲೆಲ್ಲ ನನ್ನನ್ನು ನಿಲ್ಲಿಸಿಯೇ ಮಾತಾಡಿಸಿ ಕಳಿಸಿದ್ದರು. ಇಲ್ಲಿ ನಾನು ಬಂದರೆ ಜನ ಏಳುತ್ತಿದ್ದರು. ನನಗೆ ಅದು ಹಿತವಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ನಾಲ್ಕನೇ ದಿನವೋ ಐದನೇ ದಿನವೋ ನಾನು ಬೇಕೆಂದೇ ಕಣ್ಣನ್ನು ಸ್ವಲ್ಪ ಹೆಚ್ಚು ಹೊತ್ತು ಮುಚ್ಚಿಕೊಂಡಿದ್ದೆ.

ಹಾಗಿರುವಾಗ ಒಂದು ಬೆಳಿಗ್ಗೆ ಡಾಕ್ಟರ್ ಬಂದರು. ಇನ್ನೂ ಕಲಿಯುತ್ತಿದ್ದ ಮರಾಠಿ ಹುಡುಗಿ, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ನಿದ್ದೆಗೆಟ್ಟ ಕಣ್ಣು. ಹುಸೇನಸಾಬನ ಕಾಲಿನ ಬಟ್ಟೆ ಬಿಚ್ಚಿ ನೋಡಿ, ಎರಡು ಬೆರಳು ತೆಗೆಯಬೇಕು, ನಾಳೆಯೇ ಆಗಬೇಕು, ತಡಮಾಡಿದರೆ ಕೊಳೆತ ಮೇಲೇರುತ್ತದೆ ಎಂದರು. ಹುಸೇನಸಾಬ್ ಗೋಡೆಯ ಕಡೆ ನೋಡಿದ. ಮಿಷನ್ ತುಳಿಯುವ ಕಾಲು ಅದು. ಮೆಹಬೂಬಿಯೇ ಎದ್ದು, "ನಕ್ಕೋ ಬಾಯಿ, ನಕ್ಕೋ. ಮಹಾರಾಜ್ ಕಾ ಪಾನೀ ಚಾಲೂ ಹೈ. ಬುಖಾರ್ ಗಯಾ, ಪಾಂವ್ ಭೀ ಅಚ್ಛಾ ಹೋತಾ" ಎಂದು ಕೈ ಮುಗಿದಳು. ಮಹಾರಾಜರ ನೀರು ನಡೆದಿದೆ, ಜ್ವರ ಹೋಯಿತು, ಕಾಲೂ ವಾಸಿಯಾಗುತ್ತದೆ, ಬೇಡ ಎಂದು.

ಡಾಕ್ಟರ್ ನನ್ನ ಕಡೆ ತಿರುಗಿದರು. ಸಿಟ್ಟಿನಿಂದ ಅಲ್ಲ. ನಾನು ಓದಿದವನೆಂದು ಅವರಿಗೆ ಗೊತ್ತಿತ್ತು, ಆಸೆಯಿಂದಲೇ ತಿರುಗಿದರು. "ಆಪ್ ಬೋಲಿಯೇ ನಾ ಇನ್ ಕೋ. ಆಪ್ ಕೀ ಸುನೇಂಗೇ" ಎಂದರು. ನೀವೇ ಹೇಳಿ, ನಿಮ್ಮ ಮಾತು ಕೇಳುತ್ತಾರೆ ಎಂದು.

ಒಂದು ಮಾತು ಸಾಕಿತ್ತು. ಆದರೆ ಮೆಹಬೂಬಿ ಅಷ್ಟರಲ್ಲಿ ನನ್ನನ್ನು ಹೊಗಳಲು ಶುರು ಮಾಡಿದ್ದಳು, ಇಡೀ ವಾರ್ಡು ಕೇಳುತ್ತಿತ್ತು, ಚಿಕ್ಕಪ್ಪ ಹೆಮ್ಮೆಯಿಂದ ದಿಂಬಿಗೆ ಒರಗಿ ಕೂತಿದ್ದರು. ನಾನು ತಲೆ ತಗ್ಗಿಸಿದೆ. ಡಾಕ್ಟರ್ ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಬಟ್ಟೆ ಸುತ್ತಿ, ಮುಂದಿನ ಮಂಚಕ್ಕೆ ಹೋದರು. ನನ್ನ ಇಡೀ ಜೀವನದಲ್ಲಿ ಅಷ್ಟು ಕೆಟ್ಟದಾಗಿ ನಾನು ಮತ್ತೆಂದೂ ಸುಮ್ಮನಿದ್ದಿಲ್ಲ.

ಮಧ್ಯಾಹ್ನ ಚಿಕ್ಕಪ್ಪನ ಕಿವಿಯಲ್ಲಿ, "ನಾನು ಅವರಿಗೆ ನಿಜ ಹೇಳಿಬಿಡ್ತೀನಿ" ಎಂದೆ.

"ಸುಮ್ನಿರೋ ಮಾರಾಯ. ನೀನೇನು ಅವ್ರಿಗೆ ಆಪರೇಷನ್ ಬೇಡ ಅಂದ್ಯಾ? ಅವ್ರೇ ಬೇಡ ಅಂದ್ರು. ಖಾಲಿಪೀಲಿ ಯಾಕೆ ಅವ್ರ ನಂಬಿಕೆ ಕೆಡಿಸ್ತೀಯಾ?" ಎಂದರು ಚಿಕ್ಕಪ್ಪ. ದೊಡ್ಡವರ ಮಾತಿಗೆ ಎದುರಾಡಬಾರದು ಎಂಬುದೂ ನಮ್ಮ ಶಾಲೆಯ ಪಾಠವೇ. ಅವತ್ತು ಅದು ಬಹಳ ಅನುಕೂಲಕ್ಕೆ ಬಂತು.

ಮರುದಿನ ಬೊಂಬಾಯಿಗೆ ಬೊಂಬಾಯಿಯೇ ನೀರಲ್ಲಿ ನಿಂತಿತು. ಹಳಿ ಮುಳುಗಿ ಲೋಕಲ್ ಬಂದ್. ಅದರ ಮರುದಿನವೂ ಬಂದ್. ಕಾಂದಿವಲಿಯ ಆ ಒಂದೂವರೆ ಕೋಣೆಯಲ್ಲಿ ಒಣಗದ ಬಟ್ಟೆಗಳ ಕೆಳಗೆ ಕೂತು ಮಳೆ ನೋಡಿದೆ. ಚಿಕ್ಕಮ್ಮ, "ನಿನ್ನ ಕೈಗುಣದ ಕಥೆ ಇವರು ಹೇಳಿದ್ರು ಕಣೋ, ಪುಣ್ಯವಂತ" ಎಂದು ಮಕ್ಕಳ ಹಾಲಿನಲ್ಲಿ ನನಗೂ ಅರ್ಧ ಲೋಟ ಕೊಟ್ಟರು. ಅದನ್ನು ಮಕ್ಕಳ ಲೋಟಕ್ಕೇ ವಾಪಸು ಸುರಿದೆ. ಆಶ್ರಮದಲ್ಲಿ ಅಷ್ಟು ವರ್ಷ ನಾವು ಉಜ್ಜಿ ಉಜ್ಜಿ ತೊಳೆದದ್ದು ನಮ್ಮ ಅಹಂಕಾರವನ್ನೇ. ಅದರ ಪರಿಣಾಮವಾಗಿ ನನಗೆ ನನ್ನ ಒಳಗು ಹೊರಗು ಚೊಕ್ಕಟವಾಗಿರಬೇಕೆಂಬುದೊಂದೇ ಚಿಂತೆ. ಪಕ್ಕದವನ ಕಾಲು ಕೊಳೆಯುತ್ತಿದ್ದರೂ ನಾನು ವಿನಯವಾಗಿದ್ದೆನೋ ಇಲ್ಲವೋ ಎಂದು ನೋಡಿಕೊಳ್ಳುವ ಬುದ್ಧಿ. ಶಾಲೆಯನ್ನು ದೂರುತ್ತಿಲ್ಲ. ಅದೇ ಶಾಲೆಯಲ್ಲಿ ನನ್ನ ಜೊತೆಗೆ ಓದಿದವರು ಒಳ್ಳೆಯ ಮನುಷ್ಯರಾಗಿದ್ದಾರೆ. ನಾನು ಪಾಠವನ್ನು ಕಲಿತೆ, ಅದು ಯಾತಕ್ಕೆಂದು ಕಲಿಯಲಿಲ್ಲ.

ಮೂರನೆಯ ದಿನ ಗಾಡಿ ಶುರುವಾದಾಗ ಮೊದಲ ಲೋಕಲ್ಲಿಗೇ ನೇತುಬಿದ್ದು ಹೋದೆ. ವಾರ್ಡಿನ ಬಾಗಿಲಲ್ಲೇ ಫಿನಾಯಿಲನ್ನೂ ಮೀರಿದ ಒಂದು ವಾಸನೆ ಬಂತು. ಹುಸೇನಸಾಬನ ಜ್ವರ ಮತ್ತೆ ಏರಿತ್ತು. ಕಪ್ಪು ಬೆರಳುಗಳನ್ನು ದಾಟಿ ಪಾದದ ಅರ್ಧಕ್ಕೆ ಬಂದಿತ್ತು. ಬೆಳಿಗ್ಗೆ ಡಾಕ್ಟರ್ ಬಂದು, ಈಗ ಬೆರಳಲ್ಲ, ಪಾದವೇ ಹೋಗಬೇಕು, ಇವತ್ತು ಒಪ್ಪದಿದ್ದರೆ ಕಾಲು, ಆಮೇಲೆ ಜೀವ ಎಂದು ಹೇಳಿ ಹೋಗಿದ್ದರಂತೆ. ಮೆಹಬೂಬಿ ನನ್ನನ್ನು ನೋಡಿ ಅತ್ತಳು. "ಎರಡು ದಿನ ನಿಮ್ಮ ನೀರು ಸಿಗಲಿಲ್ರಿ ಸ್ವಾಮೇರ, ಅದಕ್ಕ ಹಿಂಗಾತು. ಈಗ ಬಂದ್ರಲ್ಲ. ಇನ್ನ ಚಿಂತಿಲ್ಲ" ಎಂದು ಲೋಟ ಮುಂದೆ ಹಿಡಿದಳು.

ನಾನು ಲೋಟ ಮುಟ್ಟಲಿಲ್ಲ. "ನನ್ನ ನೀರಿನಲ್ಲಿ ಏನೂ ಇಲ್ಲಮ್ಮ. ನಾನು ಮಂತ್ರ ಹೇಳೋದೂ ಇಲ್ಲ. ಅವತ್ತು ಜ್ವರ ಇಳಿದದ್ದು ಇಂಜೆಕ್ಷನ್ನಿಗೆ. ನಾನು ಯಾರೂ ಅಲ್ಲ. ದಯವಿಟ್ಟು ಡಾಕ್ಟರ್ ಹೇಳಿದ ಹಾಗೆ ಕೇಳಿ" ಎಂದೆ. ಎಲ್ಲರಿಗೂ ಕೇಳಲೆಂದು ಹಿಂದಿಯಲ್ಲೂ ಹೇಳಿದೆ.

ಎದುರಿನ ಮಂಚದ ಮುದುಕ ಪಕ್ಕದವನಿಗೆ, "ಬಘಾ, ಕಿತೀ ನಮ್ರ ಮಾಣೂಸ್!" ಎಂದ. ಎಷ್ಟು ವಿನಯವಂತ, ನೋಡಿ! ಅವನು ಎದ್ದು ಕೂತು ನನಗೆ ಕೈ ಮುಗಿದ. ಮೆಹಬೂಬಿ ಕಣ್ಣೊರೆಸಿಕೊಂಡು ನಕ್ಕಳು. "ದೊಡ್ಡವರು ಹಿಂಗನ ಅಂತಾರ್ರಿ. ತಾವು ದೊಡ್ಡವರಂತ ಯಾರರ ಬಾಯಿಲೆ ಹೇಳ್ಕೊಂತಾರೇನು?"

ನಾನು ಇಲ್ಲ ಎಂದಷ್ಟೂ ದೊಡ್ಡವನಾದೆ. ಆಣೆ ಮಾಡಿದೆ. ಆಣೆಗೂ ಕೈ ಮುಗಿದರು. ಸಿಟ್ಟಾಗಿ ಕಿರುಚಿದೆ, ಮಹಾರಾಜರಿಗೆ ಸಿಟ್ಟು ಬಂತೆಂದು ಹೆದರಿದರು. ಸುಮ್ಮನಿದ್ದಾಗ ಎಷ್ಟು ಬೇಗ ನಂಬಿದ್ದರೋ, ನಿಜ ಹೇಳಿದಾಗ ಅಷ್ಟೇ ಗಟ್ಟಿಯಾಗಿ ನಂಬದೆ ಕೂತರು. ಹುಸೇನಸಾಬ್ ಜ್ವರದ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದ. ಆ ಕಣ್ಣಲ್ಲಿದ್ದ ಆಸೆಯನ್ನು ಹೇಗೆ ಕೊಲ್ಲಬೇಕೆಂದು ನನಗೆ ತಿಳಿಯಲಿಲ್ಲ.

ಅಲ್ಲಿಯವರೆಗೆ ನಾನು ಸುಳ್ಳು ಹೇಳಿದವನಲ್ಲ. ಆಶ್ರಮದಲ್ಲಿ ಅದೊಂದಕ್ಕೆ ಕ್ಷಮೆಯಿರಲಿಲ್ಲ. ಹೇಗೆ ಹೊಳೆಯಿತೋ ಗೊತ್ತಿಲ್ಲ, ನನ್ನ ಬಾಯಿಂದ ಬಂತು: "ನಾನು ಕಳ್ಳ. ಕೇಳಿಸ್ತಾ? ಆಶ್ರಮದಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದೆ. ಒದ್ದು ಓಡಿಸಿದರು. ಅದಕ್ಕೇ ಬಾಂಬೆಗೆ ಬಂದು ಬಿದ್ದಿದ್ದೀನಿ. ಮೈಂ ಚೋರ್ ಹೂಂ, ಚೋರ್."

ಇದನ್ನು ನಂಬಲು ಯಾರಿಗೂ ಒಂದು ಗಳಿಗೆಯೂ ಬೇಕಾಗಲಿಲ್ಲ. ಮುದುಕ ಮುಗಿದ ಕೈಯನ್ನು ಬಿಡಿಸಿ ಹೊದಿಕೆಯ ಒಳಗೆ ಸೇರಿಸಿಕೊಂಡ. ವಾರ್ಡ್‌ಬಾಯ್ ಬಾಗಿಲಲ್ಲಿ ನಿಂತು ಹಲ್ಲು ಕಿರಿದ. ಮೆಹಬೂಬಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಬಗ್ಗಿ ಮಂಚದ ಕೆಳಗಿದ್ದ ತನ್ನ ಕೈಚೀಲವನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡಳು. ಲೋಟದ ನೀರನ್ನು ಕಿಟಕಿಯಿಂದ ಚೆಲ್ಲಿದಳು. "ನಿನ್ನ ಮಾರಿ ನೋಡಿ ದೇವರಂತ ತಿಳಕೊಂಡಿದ್ನೆಲ್ಲೋ ಭಾಡ್ಯಾ" ಎಂದಳು. ಹುಸೇನಸಾಬ್ ಮುಖ ಗೋಡೆಯ ಕಡೆ ತಿರುಗಿಸಿ ಬಹಳ ಹೊತ್ತು ಮಲಗಿದ್ದು, ಆಮೇಲೆ ಹೆಂಡತಿಗೆ ಮೆಲ್ಲಗೆ, "ಡಾಕ್ಟರ್‌ಬಾಯಿನ್ನ ಕರಿ" ಎಂದ.

ಮಧ್ಯಾಹ್ನ ಅವನನ್ನು ಒಳಗೆ ಕರೆದುಕೊಂಡು ಹೋದರು. ಪಾದ ಹೋಯಿತು, ಕಾಲು ಉಳಿಯಿತು. ಎರಡು ಬೆರಳಲ್ಲಿ ಮುಗಿಯಬಹುದಾಗಿತ್ತು. ಆ ಲೆಕ್ಕ ಡಾಕ್ಟರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ವರಾಂಡದಲ್ಲಿ ಎದುರಾದಾಗ ಅವರು ನನ್ನನ್ನು ನೋಡಿಯೂ ನೋಡದ ಹಾಗೆ ಹೋದರು.

ಚಿಕ್ಕಪ್ಪ ಅವತ್ತೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಎರಡನೇ ಚಹಾ ನಿಂತದ್ದಕ್ಕೆ ಎಂದು ನಾನು ಮೊದಲು ತಿಳಿದೆ. ಹೊರಡುವ ಹೊತ್ತಿಗೆ ಹತ್ತಿರ ಕರೆದು, ದನಿ ತಗ್ಗಿಸಿ, "ನನ್ನ ಹತ್ರ ಮಾತ್ರ ಹೇಳು. ನಿಜಾನಾ?" ಎಂದರು. ನಾನು ಅಲ್ಲ ಎಂದೆ. "ಸರಿ ಬಿಡು" ಎಂದರು. ಅವರು ನಂಬಲಿಲ್ಲ. ಮನೆಯಲ್ಲಿ ಅದುವರೆಗೆ ಬೀರುವಿನ ಬಾಗಿಲಲ್ಲೇ ನೇತಾಡುತ್ತಿದ್ದ ಬೀಗದ ಕೈ ಚಿಕ್ಕಮ್ಮನ ಸೊಂಟಕ್ಕೆ ಹೋಯಿತು. ಯಾರೂ ಏನೂ ಅನ್ನಲಿಲ್ಲ, ಊಟಕ್ಕೆ ಕಡಿಮೆ ಮಾಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮಲಾಡಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿ ನಾನೇ ಬೇರೆ ಖೋಲಿ ನೋಡಿಕೊಂಡೆ. ಮುಂದೆ ಎಷ್ಟೋ ವರ್ಷ, ಮದುವೆ ಮುಂಜಿಗಳಲ್ಲಿ ನೆಂಟರ ಕೋಣೆಗೆ ನಾನು ಒಬ್ಬನೇ ಹೋದರೆ ಹಿಂದಿನಿಂದ ಯಾರಾದರೂ ಒಬ್ಬರು ಬಂದೇ ಬರುತ್ತಿದ್ದರು. ಅದಕ್ಕೆ ನನಗೆ ಬೇಸರವಿರಲಿಲ್ಲ. ಮಾಡದ ತಪ್ಪಿನ ನಾಚಿಕೆಯನ್ನು ಹೊರುವುದು ಸುಲಭ. ಮಾಡಿದ್ದನ್ನು ಯಾರೂ ಕೇಳಲೇ ಇಲ್ಲವಲ್ಲ, ಅದು ಕಷ್ಟ.

ಚಿಕ್ಕಪ್ಪನನ್ನು ಮನೆಗೆ ಕಳಿಸುವ ದಿನ ನಾನು ಸಾಮಾನು ಕಟ್ಟುತ್ತಿದ್ದೆ. ಚಿಕ್ಕಪ್ಪ ಬಟ್ಟೆ ಬದಲಿಸಲು ಹೋಗಿದ್ದರು. ಹುಸೇನಸಾಬ್ ದಿಂಬಿಗೆ ಒರಗಿ ಕೂತಿದ್ದ, ಜ್ವರವಿರಲಿಲ್ಲ, ಕಾಲಿನ ತುದಿಗೆ ದಪ್ಪ ಬಟ್ಟೆ ಸುತ್ತಿತ್ತು. ಅಷ್ಟು ದಿನ ನಾನು ಆ ಕಡೆ ನೋಡಿರಲಿಲ್ಲ. ಅವನೇ ಕರೆದ.

"ತಮ್ಮಾ, ಇಲ್ಲಿ ಬಾ."

ಸ್ವಾಮೇರ ಅನ್ನಲಿಲ್ಲ. ಹೋಗಿ ನಿಂತೆ. ಮೆಹಬೂಬಿ ಮುಖ ತಿರುಗಿಸಿ ಕೂತಳು, ಚೀಲ ಇನ್ನೂ ಮಡಿಲಲ್ಲೇ ಇತ್ತು.

"ಅವತ್ತು ಕಳವು ಮಾಡೀನಿ ಅಂದಿಯಲ್ಲ. ಖರೇನ ಏನು?"

ಅಲ್ಲ ಎನ್ನಲು ಬಾಯಿ ತೆರೆದೆ. ಅಲ್ಲ ಎಂದರೆ ಇವನಿಗೆ ಏನಾಗುತ್ತದೆ? ಹುಡುಗ ಕಳ್ಳನಲ್ಲ, ಹಾಗಾದರೆ ನೀರು ನಿಜ, ಸುಮ್ಮನೆ ಪಾದ ಕಳೆದುಕೊಂಡೆ ಎಂದು ಇವನು ಮಲಾಡಿನ ಅಂಗಡಿಯಲ್ಲಿ ಕೂತು ಬದುಕಿಡೀ ಕೊರಗಬಹುದು. ನಾನು ಹೌದೆಂದು ತಲೆ ಆಡಿಸಿದೆ.

ಅವನು ನನ್ನನ್ನೇ ನೋಡಿದ. ಬಯ್ಯುತ್ತಾನೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

"ಹಸಿವಾಗಿತ್ತೇನು?" ಎಂದು ಕೇಳಿದ. "ಸಣ್ಣವರನ್ನ ಒಯ್ದು ಅಂಥಾ ಆಶ್ರಮದಾಗ ಬಿಟ್ಟಿರ್ತಾರ. ಹೊಟ್ಟಿ ತುಂಬ ಹಾಕ್ತಿದ್ರೋ ಇಲ್ಲೋ."

ಅವನು ಹೆಂಡತಿಯ ಕಡೆ ತಿರುಗಿ, "ಏ, ಅವನಿಗೆ ರೊಟ್ಟಿ ಕೊಡು" ಎಂದ. ಅವಳು ಅಲ್ಲಾಡಲಿಲ್ಲ. "ಕೊಡು ಅಂದ್ರ ಕೊಡು. ನಾಳೆ ಮತ್ತ ಎಲ್ಲ್ಯರ ಕೈ ಹಾಕ್ಯಾನು." ಅವಳು ನನ್ನ ಮುಖ ನೋಡದೆ ಮಡಿಲಿನ ಚೀಲ ಬಿಚ್ಚಿ, ಮಲಾಡಿನಿಂದ ಕಟ್ಟಿಕೊಂಡು ಬಂದಿದ್ದ ಜೋಳದ ರೊಟ್ಟಿಯಲ್ಲಿ ಒಂದನ್ನು ತೆಗೆದು, ಶೇಂಗಾ ಚಟ್ನಿ ಹಚ್ಚಿ, ಮಡಿಚಿ ಕೈಗೆ ಕೊಟ್ಟಳು. ಅವನು ನಾನು ತಿನ್ನಲಿ ಎಂದು ಕಾಯುತ್ತಿದ್ದ. ನಾನು ಅವನ ಮಂಚದ ಪಕ್ಕ ನಿಂತು, ಅವನ ಕಣ್ಣೆದುರಿಗೇ, ಆ ರೊಟ್ಟಿಯನ್ನು ಪೂರ್ತಿ ತಿಂದೆ.